ಜಿಗಿತದ ಗುಟ್ಟು ಪೊರೆಯಲ್ಲಿದೆಯೇ? ವಾಲಿಬಾಲ್ ಅಂಗಳದ ಫ್ಯಾಸಿಯಾ ಚರ್ಚೆ

ವಾಲಿಬಾಲ್ ತರಬೇತಿಯ ಸುದ್ದಿಗಳನ್ನು ಹಿಂಬಾಲಿಸುವವರಿಗೆ ಈಚೆಗೆ ಫ್ಯಾಸಿಯಾ (ಸ್ನಾಯುಗಳನ್ನು ಸುತ್ತಿಕೊಂಡಿರುವ ಪೊರೆ) ಎಂಬ ಪದ ಪದೇ ಪದೇ ಎದುರಾಗುತ್ತಿದೆ. ಕೆಲವೇ ವಾರಗಳ ಫ್ಯಾಸಿಯಾ ತರಬೇತಿಯಿಂದ ಜಿಗಿತದ ಎತ್ತರ ಹೆಚ್ಚುತ್ತದೆ ಎಂದು ಒಂದು ಕಡೆ ಓದುತ್ತೇವೆ. ಹಳೆಯ ವ್ಯಾಯಾಮಗಳಿಗೇ ಹೊಸ ಅಂಗಿ ತೊಡಿಸಿದ್ದಾರೆ ಎಂದು ಇನ್ನೊಂದು ಕಡೆ ಓದುತ್ತೇವೆ. ಒಬ್ಬ ತರಬೇತುದಾರರು ಭಾರ ಎತ್ತುವುದನ್ನು ಬಿಟ್ಟು ಪುಟಿಯಿರಿ ಎನ್ನುತ್ತಾರೆ. ಮತ್ತೊಬ್ಬರು ಫೋಮ್ ರೋಲರ್ ಎಂಬ ಉರುಳೆಯ ಮೇಲೆ ತೊಡೆ ಉರುಳಿಸಲು ಹೇಳುತ್ತಾರೆ. ಮೂರನೆಯವರು ಉದ್ದನೆಯ ರಬ್ಬರ್ ಪಟ್ಟಿ ಹಿಡಿಸಿ ಇಡೀ ಮೈಯನ್ನು ತಿರುಚಿ ಬಿಡುವುದನ್ನು ಕಲಿಸುತ್ತಾರೆ. ಮಾಡಿಸುವ ಕೆಲಸ ಬೇರೆ ಬೇರೆ, ಹೆಸರು ಮಾತ್ರ ಒಂದೇ.

ಗೊಂದಲದ ಬೇರು ಇರುವುದು ಇಲ್ಲಿಯೇ. ಒಂದು ಪದದ ಕೆಳಗೆ ಮೂರು ನಾಲ್ಕು ಬೇರೆ ಸಂಗತಿಗಳು ಸೇರಿಕೊಂಡಿವೆ. ಅವುಗಳಲ್ಲಿ ಕೆಲವಕ್ಕೆ ಗಟ್ಟಿ ಪುರಾವೆ ಇದೆ, ಕೆಲವಕ್ಕೆ ಇಲ್ಲ. ಪುರಾವೆ ಇರುವ ಸಂಗತಿಯ ಬಲದ ಮೇಲೆ ಇಲ್ಲದ್ದನ್ನೂ ಮಾರಲಾಗುತ್ತಿದೆ. ಬಿಡಿಸಿ ನೋಡದೆ ಈ ತರಬೇತಿ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವುದು ಸಾಧ್ಯವಿಲ್ಲ.

ಕತ್ತರಿಸಿ ಎಸೆಯುತ್ತಿದ್ದ ಪೊರೆ

ಫ್ಯಾಸಿಯಾ ಎಂದರೆ ಸ್ನಾಯುಗಳನ್ನು ಸುತ್ತಿಕೊಂಡಿರುವ, ಅವುಗಳ ನಡುವೆ ಹರಡಿಕೊಂಡಿರುವ ಸಂಯೋಜಕ ಅಂಗಾಂಶ. ಅದರ ಮುಖ್ಯ ಸಾಮಗ್ರಿ ಕೊಲಾಜನ್ ಎಂಬ ಪ್ರೋಟೀನಿನ ನಾರು. ಒಂದೊಂದು ಸ್ನಾಯುತಂತುವಿಗೂ ತೆಳುವಾದ ಪೊರೆಯಿದೆ, ತಂತುಗಳ ಕಟ್ಟಿಗೊಂದು ಪೊರೆಯಿದೆ, ಇಡೀ ಸ್ನಾಯುವಿಗೆ ಮತ್ತೊಂದಿದೆ. ಇವೆಲ್ಲದರ ಹೊರಗೆ, ತೊಡೆಗೆ ಬಿಗಿಯಾಗಿ ತೊಡಿಸಿದ ಚೀಲದಂತೆ, ಆಳದ ಫ್ಯಾಸಿಯಾ ಇದೆ. ಪದರಗಳ ನಡುವೆ ಹೈಅಲುರೊನನ್ ಎಂಬ ಜಾರುವ ದ್ರವ್ಯ ಇರುವುದರಿಂದ ಒಂದರ ಮೇಲೊಂದು ಸರಾಗವಾಗಿ ಸರಿಯುತ್ತವೆ.

ಬಹುಕಾಲ ಶರೀರರಚನಾ ಶಾಸ್ತ್ರದ ವಿದ್ಯಾರ್ಥಿಗಳು ಒಳಗಿನ ಸ್ನಾಯು ಚೆನ್ನಾಗಿ ಕಾಣಲೆಂದು ಈ ಪೊರೆಯನ್ನು ಕತ್ತರಿಸಿ ಪಕ್ಕಕ್ಕಿಡುತ್ತಿದ್ದರು. ಹಾಗಾಗಿ ಅದು ಬರಿಯ ಹೊದಿಕೆ ಎಂಬ ಭಾವನೆ ಉಳಿದುಬಂತು. 2007ರಲ್ಲಿ ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಮೊದಲ ಅಂತರರಾಷ್ಟ್ರೀಯ ಫ್ಯಾಸಿಯಾ ಸಂಶೋಧನಾ ಸಮ್ಮೇಳನ ನಡೆದ ಮೇಲೆ ನೋಟ ಬದಲಾಯಿತು. ಜರ್ಮನಿಯ ರಾಬರ್ಟ್ ಶ್ಲೈಪ್, ಇಟಲಿಯ ಪಾಡುವಾದ ಕಾರ್ಲಾ ಸ್ಟೆಕ್ಕೊ ಮೊದಲಾದವರ ಕೆಲಸದಿಂದ ಈ ಪೊರೆಯಲ್ಲಿ ನರತುದಿಗಳು ದಟ್ಟವಾಗಿವೆ, ನೋವು ಮತ್ತು ಅಂಗವಿನ್ಯಾಸದ ಅರಿವಿನಲ್ಲಿ ಅದಕ್ಕೆ ಪಾತ್ರವಿದೆ ಎಂಬುದು ಸ್ಪಷ್ಟವಾಗುತ್ತ ಬಂತು.

ಅದು ಬಲದ ವಿಷಯದಲ್ಲೂ ನಿಷ್ಕ್ರಿಯವಲ್ಲ. 1981ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಯಿಗಳ ಹಿಂಗಾಲಿನ ಸ್ನಾಯುವಿನ ಮೇಲಿನ ಪೊರೆಯನ್ನು ಸೀಳಿದಾಗ ಸ್ನಾಯುವಿನ ಬಲ ಸುಮಾರು ಶೇ 15ರಷ್ಟು ಕುಸಿಯಿತು, ಒಳಗಿನ ಒತ್ತಡ ಅರ್ಧಕ್ಕೆ ಇಳಿಯಿತು. ಸ್ನಾಯು ಉಬ್ಬುವಾಗ ಪೊರೆ ಅದನ್ನು ಬಿಗಿಯಾಗಿ ಹಿಡಿದಿಡುವುದರಿಂದ ಬಲ ಪೋಲಾಗದೆ ಎಳೆತದ ದಿಕ್ಕಿಗೆ ಹೋಗುತ್ತದೆ. ಫ್ಯಾಸಿಯಾ ಮುಖ್ಯ ಎಂಬ ಮಾತು ಸುಳ್ಳಲ್ಲ. ಮುಂದಿನ ಪ್ರಶ್ನೆ ಬೇರೆ: ಅದನ್ನು ಪ್ರತ್ಯೇಕವಾಗಿ ಗುರಿಯಿಟ್ಟು ತರಬೇತಿಗೊಳಿಸಬಹುದೇ? ಬಹುದಾದರೆ, ಜಿಗಿತ ಹೆಚ್ಚುವುದು ಅದರಿಂದಲೇ?

ಸ್ನಾಯುರಜ್ಜು ಯಾರ ಪಾಲಿಗೆ?

ಚರ್ಚೆಯಲ್ಲಿ ಬಹುತೇಕರ ಕಣ್ಣಿಗೆ ಬೀಳದ ಒಂದು ಗಂಟು ಇಲ್ಲಿದೆ. ಕಿರಿದಾದ ಅರ್ಥದಲ್ಲಿ ಫ್ಯಾಸಿಯಾ ಎಂದರೆ ಹಾಳೆಯಂತೆ ಹರಡಿದ ಪೊರೆ ಮಾತ್ರ. ವಿಶಾಲ ಅರ್ಥದಲ್ಲಿ ಫ್ಯಾಸಿಯಾ ವ್ಯವಸ್ಥೆ ಎಂದಾಗ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು, ಮೂಳೆಗೆ ಮೂಳೆಯನ್ನು ಕಟ್ಟುವ ಅಸ್ಥಿರಜ್ಜುಗಳು, ಕೀಲುಗಳ ಕೋಶ ಎಲ್ಲವೂ ಅದರೊಳಗೆ ಬರುತ್ತವೆ. ಯಾವ ಅರ್ಥ ಸರಿ ಎಂಬ ಬಗ್ಗೆ ಸಂಶೋಧಕರಲ್ಲಿಯೇ ವರ್ಷಗಟ್ಟಲೆ ವಾದ ನಡೆದಿದೆ.

ಇದು ಬರಿಯ ಪದಕೋಶದ ಜಗಳ ಎಂದು ತೋರಬಹುದು. ಆದರೆ ಪರಿಣಾಮ ದೊಡ್ಡದು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಸ್ಪ್ರಿಂಗಿನಂತೆ ಶಕ್ತಿ ಕೂಡಿಟ್ಟು ಮರಳಿಸುತ್ತದೆ ಎಂಬುದಕ್ಕೆ ದಶಕಗಳ ಪುರಾವೆ ಇದೆ. ಸ್ನಾಯುರಜ್ಜುವನ್ನು ಫ್ಯಾಸಿಯಾ ಎಂದು ಕರೆದ ಕ್ಷಣವೇ ಆ ಪುರಾವೆಯೆಲ್ಲ ಫ್ಯಾಸಿಯಾದ ಲೆಕ್ಕಕ್ಕೆ ಜಮೆಯಾಗುತ್ತದೆ. ಆಮೇಲೆ ಅದೇ ಪುರಾವೆಯನ್ನು ಮುಂದಿಟ್ಟು ತೊಡೆಯ ಪೊರೆಯನ್ನು ಉರುಳೆಯಿಂದ ಉಜ್ಜುವ ಕ್ರಮವನ್ನೂ ಸಮರ್ಥಿಸಲಾಗುತ್ತದೆ. ಫ್ಯಾಸಿಯಾ ತರಬೇತಿಯ ಬಗೆಗಿನ ಯಾವುದೇ ವರದಿ ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇವರು ಹೇಳುತ್ತಿರುವುದು ಪೊರೆಯ ಬಗ್ಗೆಯೋ, ಸ್ನಾಯುರಜ್ಜುವಿನ ಬಗ್ಗೆಯೋ?

ಸ್ಪೈಕ್ ಜಿಗಿತವನ್ನು ನಿಧಾನಗತಿಯಲ್ಲಿ ನೋಡಿದರೆ

ಸ್ಪೈಕ್ ಮಾಡಲು, ಎಂದರೆ ಜಿಗಿದು ಚೆಂಡನ್ನು ಎದುರಾಳಿಯ ಅಂಗಳಕ್ಕೆ ಬಲವಾಗಿ ಹೊಡೆಯಲು, ಓಡಿಬರುವ ಆಟಗಾರ್ತಿಯೊಬ್ಬಳ ಕೊನೆಯ ಎರಡು ಹೆಜ್ಜೆಗಳನ್ನು ನಿಧಾನಗತಿಯ ವಿಡಿಯೊದಲ್ಲಿ ನೋಡಿ. ಕೊನೆಗಿಂತ ಹಿಂದಿನ ಹೆಜ್ಜೆ ಉದ್ದವಾಗಿರುತ್ತದೆ. ಮೈ ಸ್ವಲ್ಪ ಕೆಳಗಿಳಿಯುತ್ತದೆ, ಎರಡೂ ತೋಳುಗಳು ಬೆನ್ನ ಹಿಂದಕ್ಕೆ ಹೋಗುತ್ತವೆ. ಹಿಮ್ಮಡಿ ನೆಲಕ್ಕೆ ತಾಗಿ ಪಾದ ಉರುಳುತ್ತಿದ್ದಂತೆ ಎರಡನೆಯ ಪಾದ ಸ್ವಲ್ಪ ಮುಂದೆ, ಒಳಮುಖವಾಗಿ ಬಂದು ಊರುತ್ತದೆ. ಮುಂದಕ್ಕೆ ಬರುತ್ತಿದ್ದ ವೇಗಕ್ಕೆ ಅದೇ ತಡೆಗಟ್ಟೆ. ಮಂಡಿ ಬಾಗುತ್ತದೆ, ತೊಡೆಯ ಮುಂಭಾಗದ ಸ್ನಾಯು ಬಿಗಿದುಕೊಂಡೇ ಹಿಗ್ಗುತ್ತದೆ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮತ್ತು ಹಿಮ್ಮಡಿಯ ಸ್ನಾಯುರಜ್ಜು ಎಳೆದುಕೊಳ್ಳುತ್ತವೆ. ತೋಳುಗಳು ಮೇಲಕ್ಕೆ ಬೀಸುತ್ತಿದ್ದಂತೆ ಸೊಂಟ, ಮಂಡಿ, ಕಣಕಾಲು ಒಂದರ ಹಿಂದೊಂದು ನೆಟ್ಟಗಾಗುತ್ತವೆ. ತೋಳಿನ ಬೀಸು ಒಂದೇ ಮೇಲೇಳುವ ವೇಗಕ್ಕೆ ಸುಮಾರು ಶೇ 10ರಷ್ಟು ಸೇರಿಸಬಲ್ಲದು.

ಹಿಗ್ಗಿ ತಕ್ಷಣ ಕುಗ್ಗುವ ಈ ಕ್ರಿಯೆಗೆ ಹಿಗ್ಗು-ಕುಗ್ಗು ಚಕ್ರ ಎಂದು ಹೆಸರು. ಪಾದ ನೆಲದ ಮೇಲಿರುವ ಅವಧಿ ಕಾಲು ಸೆಕೆಂಡಿಗಿಂತ ಕಡಿಮೆಯಾದರೆ ವೇಗದ ಚಕ್ರ, ಹೆಚ್ಚಾದರೆ ನಿಧಾನದ ಚಕ್ರ ಎಂದು ತರಬೇತಿ ಶಾಸ್ತ್ರದಲ್ಲಿ ವಿಂಗಡಿಸುತ್ತಾರೆ. ಹಗ್ಗದಾಟದಂತೆ ಕಣಕಾಲಿನಿಂದಲೇ ಪುಟಿಯುವುದು ವೇಗದ ಚಕ್ರ. ಎದುರಾಳಿಯ ಹೊಡೆತವನ್ನು ಬಲೆಯ ಮೇಲೆ ತಡೆಯಲು ನಿಂತಲ್ಲಿಂದ ಬ್ಲಾಕ್‌ಗೆ ಹಾರುವುದು ನಿಧಾನದ ಚಕ್ರ. ಸ್ಪೈಕ್ ಜಿಗಿತದಲ್ಲೂ ಮಂಡಿ, ಸೊಂಟ ಆಳವಾಗಿ ಬಾಗುವುದರಿಂದ ನೆಲಸ್ಪರ್ಶದ ಸಮಯ ಪುಟಿತಕ್ಕಿಂತ ಹೆಚ್ಚೇ ಇರುತ್ತದೆ.

ಫ್ಯಾಸಿಯಾ ತರಬೇತಿಯ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಪುಟ್ಟ ಪುಟ್ಟ ಪುಟಿತಗಳು. ಅವು ಕಣಕಾಲನ್ನು ಗಡುಸಾಗಿಸುತ್ತವೆ, ಒಳ್ಳೆಯದೇ. ಆದರೆ ಸೊಂಟ ಮತ್ತು ಮಂಡಿಯ ದೊಡ್ಡ ಸ್ನಾಯುಗಳಿಂದ ಬರಬೇಕಾದ ಕೆಲಸವನ್ನು ಅವು ಮಾಡಿಕೊಡಲಾರವು. ಬ್ಲಾಕ್‌ನಲ್ಲಿ ನಿಂತಲ್ಲಿಂದ ಮೇಲೇಳಬೇಕಾದ, ಬಲೆಯ ನಡುಭಾಗ ಕಾಯುವ ಮಿಡ್ಲ್ ಬ್ಲಾಕರ್‌ಗೆ ಈ ವ್ಯತ್ಯಾಸ ಎಲ್ಲರಿಗಿಂತ ಹೆಚ್ಚು ತಟ್ಟುತ್ತದೆ.

ಜೌಲ್‌ಗಳಲ್ಲಿ ಒಂದು ಲೆಕ್ಕ

70 ಕಿಲೋ ತೂಕದ ಆಟಗಾರ ತನ್ನ ದೇಹದ ಗುರುತ್ವಕೇಂದ್ರವನ್ನು 60 ಸೆಂಟಿಮೀಟರ್ ಎತ್ತಬೇಕಾದರೆ ಸುಮಾರು 410 ಜೌಲ್ ಶಕ್ತಿ ಬೇಕು. ಇದರಲ್ಲಿ ಪೊರೆಯ ಪಾಲು ಎಷ್ಟಿರಬಹುದು?

ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮಂಡಿಯ ಕೆಳಗಿನವರೆಗೆ ಇಳಿಯುವ ಇಲಿಯೊಟಿಬಿಯಲ್ ಪಟ್ಟಿ ಕಿರಿದಾದ ಅರ್ಥದಲ್ಲೂ ಫ್ಯಾಸಿಯಾವೇ. ದೇಹದ ಅತಿ ಗಟ್ಟಿಮುಟ್ಟಾದ ಫ್ಯಾಸಿಯಾಗಳಲ್ಲಿ ಅದೂ ಒಂದು. ಹಾರ್ವರ್ಡ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಮಾದರಿ ಲೆಕ್ಕಾಚಾರದ ಪ್ರಕಾರ ವೇಗದ ಓಟದಲ್ಲಿ ಆ ಪಟ್ಟಿಯ ಹಿಂಭಾಗ ಸುಮಾರು 7 ಜೌಲ್ ಶಕ್ತಿಯನ್ನು ಕೂಡಿಡಬಲ್ಲದು. ಅದು ಓಟದ ಲೆಕ್ಕ, ಜಿಗಿತದ್ದಲ್ಲ. ಆದರೂ ಪ್ರಮಾಣದ ಅಂದಾಜು ಸಿಗುತ್ತದೆ: 70 ಕಿಲೋ ದೇಹವನ್ನು 7 ಜೌಲ್ ಎತ್ತುವುದು ಒಂದು ಸೆಂಟಿಮೀಟರ್. ಎರಡೂ ಕಾಲು ಸೇರಿದರೆ ಎರಡು ಸೆಂಟಿಮೀಟರ್. ಎರಡು ಸೆಂಟಿಮೀಟರ್ ಕ್ಷುಲ್ಲಕವಲ್ಲ, ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್ ಎತ್ತರದ ಬಲೆಯ ಮೇಲೆ ಚೆಂಡು ಬ್ಲಾಕರ್‌ನ ಬೆರಳ ತುದಿಗೆ ತಾಗುವುದೂ ತಾಗದಿರುವುದೂ ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಆದರೆ ಆ ಎರಡು ಸೆಂಟಿಮೀಟರ್ ಆ ಪಟ್ಟಿಯ ಒಟ್ಟು ಕೊಡುಗೆ. ತರಬೇತಿಯಿಂದ ಅದರಲ್ಲಿ ಒಂದಷ್ಟು ಪಾಲು ಹೆಚ್ಚಿದರೂ ಜಿಗಿತದಲ್ಲಿ ಕಾಣುವುದು ಮಿಲಿಮೀಟರ್‌ಗಳಲ್ಲಿ. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಹಿಮ್ಮಡಿಯ ಸ್ನಾಯುರಜ್ಜುವಿನ ಲೆಕ್ಕ ಬೇರೆ. ಅದೇ ಅಧ್ಯಯನದ ಪ್ರಕಾರ ಓಟದಲ್ಲಿ ಆ ಪಟ್ಟಿ ಕೂಡಿಡುವ ಶಕ್ತಿ ಹಿಮ್ಮಡಿಯ ಸ್ನಾಯುರಜ್ಜು ಕೂಡಿಡುವುದರ ಶೇ 14ರಷ್ಟು ಮಾತ್ರ. ಆದ್ದರಿಂದಲೇ ಪೊರೆ ಮತ್ತು ರಜ್ಜುವನ್ನು ಒಂದೇ ಹೆಸರಿನಲ್ಲಿ ಕಲಸಬಾರದು.

ಪರವಾಗಿ ಇರುವ ವಾದ

ಸಮರ್ಥಕರ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ನೋಡುವುದು ನ್ಯಾಯ. ಅವರು ಹೇಳುವುದೇನೆಂದರೆ, ದೇಹವನ್ನು ಬಿಡಿ ಬಿಡಿ ಸ್ನಾಯುಗಳ ಮೊತ್ತವಾಗಿ ನೋಡಿದ್ದು ತಪ್ಪಾಯಿತು. ಯಂತ್ರದ ಮೇಲೆ ಕೂತು ಮಂಡಿ ಚಾಚುವ ವ್ಯಾಯಾಮದಿಂದ ತೊಡೆ ದಪ್ಪವಾಗುತ್ತದೆ, ಆದರೆ ಅಂಗಳದಲ್ಲಿ ಆ ಬಲ ಬಿಡುಗಡೆಯಾಗುವುದಿಲ್ಲ. ಎಡ ಪೃಷ್ಠದಿಂದ ಬೆನ್ನಿನ ಅಗಲ ಪೊರೆಯ ಮೂಲಕ ಬಲ ಭುಜದವರೆಗೆ ಎಳೆತ ಹರಿಯುತ್ತದೆ, ಸ್ಪೈಕ್ ಮಾಡುವಾಗ ಮೈ ಬಿಲ್ಲಿನಂತೆ ಬಾಗಿ ಬಿಡುವುದು ಇದೇ ದಾರಿಯಲ್ಲಿ. ಆದ್ದರಿಂದ ಇಡೀ ದೇಹವನ್ನು ಒಳಗೊಳ್ಳುವ, ಪುಟಿಯುವ, ತಿರುಚಿ ಬಿಡುವ ಚಲನೆಗಳೇ ಬೇಕು ಎಂಬುದು ಅವರ ನಿಲುವು.

ಇದರಲ್ಲಿ ತಿರುಳಿದೆ. ಸ್ನಾಯು-ಫ್ಯಾಸಿಯಾ ಸರಪಳಿಗಳ ಕಲ್ಪನೆಯನ್ನು ಜರ್ಮನಿಯ ಯಾನ್ ವಿಲ್ಕೆ ಮತ್ತು ಸಂಗಡಿಗರು 2016ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಅಂಗರಚನಾ ಅಧ್ಯಯನಗಳೊಂದಿಗೆ ಒರೆಗೆ ಹಚ್ಚಿದರು. ಪ್ರಸ್ತಾಪಿತ ಸರಪಳಿಗಳಲ್ಲಿ ಮೂರಕ್ಕೆ ಬಲವಾದ ಪುರಾವೆ ಸಿಕ್ಕಿತು. ಅಂಗಾಲಿನಿಂದ ಬೆನ್ನಿನ ಉದ್ದಕ್ಕೂ ಏರುವ ಹಿಂಬದಿಯ ಸಾಲು ಅವುಗಳಲ್ಲೊಂದು. ದೇಹದ ಮುಂಭಾಗದಲ್ಲಿ ಹಾದುಹೋಗುತ್ತದೆ ಎನ್ನಲಾದ ಮೇಲ್ಪದರದ ಸಾಲಿಗೆ ಮಾತ್ರ ಪುರಾವೆ ಸಿಗಲಿಲ್ಲ. ಎಂದರೆ ಚಿತ್ರಪಟಗಳಲ್ಲಿ ಬಣ್ಣಬಣ್ಣವಾಗಿ ತೋರಿಸುವ ಎಲ್ಲ ಸಾಲುಗಳೂ ಸಮಾನ ಸತ್ಯವಲ್ಲ, ಎಲ್ಲವೂ ಕಟ್ಟುಕಥೆಯೂ ಅಲ್ಲ.

ವಿರುದ್ಧವಾಗಿ ಇರುವ ವಾದ

ಟೀಕಾಕಾರರ ಮೊದಲ ಆಕ್ಷೇಪ: ಸಂಪರ್ಕವಿದೆ ಎಂದ ಮಾತ್ರಕ್ಕೆ ಅದರ ಮೂಲಕ ಗಣನೀಯ ಬಲ ಹರಿಯುತ್ತದೆ ಎಂದಾಗುವುದಿಲ್ಲ. ಅಕ್ಕಪಕ್ಕದ ಸ್ನಾಯುಗಳ ನಡುವೆ ಪೊರೆಯ ಮೂಲಕ ಬಲ ದಾಟುತ್ತದೆ ಎಂದು ಆಮ್‌ಸ್ಟರ್‌ಡಾಮ್‌ನ ಪೀಟರ್ ಹೌಯಿಂಗ್ ಪ್ರಯೋಗಗಳಲ್ಲಿ ತೋರಿಸಿದರು. ಸಹಜ ಚಲನೆಯಲ್ಲಿ ಆ ಪ್ರಮಾಣ ಸಣ್ಣದು ಎಂದು ಅದೇ ಕ್ಷೇತ್ರದ ಇತರರು ವಾದಿಸಿದ್ದಾರೆ.

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು. ಫ್ಯಾಸಿಯಾವನ್ನು ಮಾತ್ರ ದುಡಿಸುವ ವ್ಯಾಯಾಮ ಎಂಬುದೇ ಇಲ್ಲ. ಪುಟಿದಾಗ ಸ್ನಾಯು, ರಜ್ಜು, ಪೊರೆ, ಮೂಳೆ, ನರ ಎಲ್ಲವೂ ಒಟ್ಟಿಗೆ ಹೊರೆ ಹೊರುತ್ತವೆ. ಫಲ ಸಿಕ್ಕಾಗ ಅದನ್ನು ಒಂದರ ಖಾತೆಗೆ ಬರೆಯಲು ಆಧಾರವೇನು? ಪೊರೆಯಲ್ಲಿ ಸಂಕುಚನ ಸಾಮರ್ಥ್ಯದ ಜೀವಕೋಶಗಳಿವೆ ಎಂಬುದು ನಿಜ; ಆದರೆ ಅವು ಹುಟ್ಟಿಸುವ ಬಲ ತೀರಾ ಅಲ್ಪ, ನಿಧಾನ. ಒಂದು ಜಿಗಿತದ ಕ್ಷಣದಲ್ಲಿ ಅವು ನೆರವಾಗಲಾರವು ಎಂಬುದನ್ನು ಫ್ಯಾಸಿಯಾ ಸಂಶೋಧಕರೂ ಒಪ್ಪುತ್ತಾರೆ.

ಎರಡು ಕಾಲು, ಎರಡು ತರಬೇತಿ

ಈ ಇಡೀ ವಿವಾದದಲ್ಲಿ ಹೆಚ್ಚು ಬೆಳಕು ಚೆಲ್ಲುವ ಪ್ರಯೋಗವೊಂದು ಜಪಾನಿನದು. ಕೆಯಿತಾರೊ ಕುಬೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಪುರುಷರು 12 ವಾರ, ವಾರಕ್ಕೆ 4 ದಿನ ತರಬೇತಿ ಪಡೆದರು. ಅದರ ಜಾಣತನ ಇರುವುದು ವಿನ್ಯಾಸದಲ್ಲಿ: ಅದೇ ವ್ಯಕ್ತಿಯ ಒಂದು ಕಾಲಿಗೆ ಪುಟಿಯುವ ಪ್ಲೈಯೊಮೆಟ್ರಿಕ್ ವ್ಯಾಯಾಮ, ಇನ್ನೊಂದು ಕಾಲಿಗೆ ಭಾರದ ವ್ಯಾಯಾಮ. ಆಹಾರ, ನಿದ್ದೆ, ಅನುವಂಶೀಯತೆ ಎಲ್ಲವೂ ಎರಡೂ ಕಾಲಿಗೆ ಸಮಾನ.

ಭಾರ ಎತ್ತಿದ ಕಾಲಿನಲ್ಲಿ ಸ್ನಾಯುರಜ್ಜುವಿನ ಗಡುಸುತನ ಗಮನಾರ್ಹವಾಗಿ ಹೆಚ್ಚಿತು. ಪುಟಿದ ಕಾಲಿನಲ್ಲಿ ಅಷ್ಟು ಹೆಚ್ಚಲಿಲ್ಲ. ಆದರೆ ಜಿಗಿತದ ಎತ್ತರ ಹೆಚ್ಚು ಸುಧಾರಿಸಿದ್ದು ಪುಟಿದ ಕಾಲಿನಲ್ಲಿ.

ಇದರ ಅರ್ಥವನ್ನು ನಿಧಾನವಾಗಿ ಬಿಡಿಸಬೇಕು. ಅಂಗಾಂಶ ಹೆಚ್ಚು ಬದಲಾದ ಕಾಲು ಒಂದು, ಹೆಚ್ಚು ಜಿಗಿದ ಕಾಲು ಇನ್ನೊಂದು. ಪುಟಿತದ ತರಬೇತಿಯಿಂದ ಜಿಗಿತ ಹೆಚ್ಚಿದಾಗ, ಅಂಗಾಂಶ ಬದಲಾಗಿರಲೇಬೇಕು ಎಂದು ತೀರ್ಮಾನಿಸುವಂತಿಲ್ಲ. ಪಾದ ನೆಲಕ್ಕೆ ತಾಗುವ ಮೊದಲೇ ಸ್ನಾಯುವನ್ನು ಬಿಗಿಗೊಳಿಸುವುದು, ಕೀಲನ್ನು ಸರಿಯಾದ ಕ್ಷಣದಲ್ಲಿ ಗಡುಸಾಗಿಸುವುದು, ಹಳೆಯ ಸ್ಪ್ರಿಂಗನ್ನೇ ಹೊಸ ಚಾತುರ್ಯದಿಂದ ಬಳಸುವುದು, ಇವೆಲ್ಲ ನರಮಂಡಲದ ಕಲಿಕೆ. ಕೆಲವು ವಾರಗಳಲ್ಲಿ ಕಾಣುವ ಸುಧಾರಣೆಗೆ ಈ ಕಲಿಕೆಯೇ ಹೆಚ್ಚು ಸಂಭವನೀಯ ಕಾರಣ. ಫ್ಯಾಸಿಯಾ ತರಬೇತಿ ಫಲ ಕೊಟ್ಟಿತು ಎಂಬ ವರದಿ ನಿಜವಿರಬಹುದು, ಅದರ ವಿವರಣೆ ಮಾತ್ರ ತಪ್ಪಿರಬಹುದು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಸುದ್ದಿಗಳ ವಿರೋಧಾಭಾಸ ಬಹುಮಟ್ಟಿಗೆ ಕರಗುತ್ತದೆ.

ಪುಟಿತದ ಅಭ್ಯಾಸ ಹೊಸದೂ ಅಲ್ಲ. ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ 1960ರ ದಶಕದಲ್ಲೇ ಎತ್ತರದಿಂದ ಇಳಿದು ತಕ್ಷಣ ಮೇಲೇಳುವ ಕ್ರಮವನ್ನು ರೂಪಿಸಿದ್ದರು. 2007ರ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಪ್ಲೈಯೊಮೆಟ್ರಿಕ್ ತರಬೇತಿಯಿಂದ ನೇರ ಜಿಗಿತ, ಪರೀಕ್ಷೆಯ ಬಗೆಯನ್ನು ಅವಲಂಬಿಸಿ, ಸರಾಸರಿ ಶೇ 4.7ರಿಂದ 8.7ರವರೆಗೆ ಹೆಚ್ಚುತ್ತದೆ. ಫ್ಯಾಸಿಯಾ ಹೆಸರಿನ ಕಾರ್ಯಕ್ರಮದ ಫಲ ಇದೇ ಆಸುಪಾಸಿನಲ್ಲಿದ್ದರೆ ಹೊಸ ಹೆಸರಿನಿಂದ ಹೊಸದೇನೂ ಸೇರಿಲ್ಲ ಎಂದೇ ತಿಳಿಯಬೇಕು.

ಅಂಗಾಂಶದ ಗಡಿಯಾರ

ವಾರಗಳಲ್ಲಿ ಫ್ಯಾಸಿಯಾ ಬದಲಾಗುತ್ತದೆ ಎಂಬ ಮಾತಿಗೆ ಅತಿ ಬಲವಾದ ಉತ್ತರ ಸಮರ್ಥಕರ ಬರಹದಲ್ಲೇ ಇದೆ. ಶ್ಲೈಪ್ ಮತ್ತು ಸಹಲೇಖಕರು 2013ರಲ್ಲಿ ಪ್ರಕಟಿಸಿದ ತರಬೇತಿ ತತ್ತ್ವಗಳಲ್ಲಿ ಹೇಳಿದ್ದು ವಾರಕ್ಕೆ ಒಂದೆರಡು ಬಾರಿ, ಕೆಲವೇ ನಿಮಿಷ, ಆದರೆ ಆರು ತಿಂಗಳಿನಿಂದ ಎರಡು ವರ್ಷದವರೆಗಿನ ತಾಳ್ಮೆ. ಸದ್ದಿಲ್ಲದೆ, ಮೃದುವಾಗಿ ನೆಲಕ್ಕಿಳಿಯಬೇಕು ಎಂಬುದೂ ಅವರ ಸೂತ್ರಗಳಲ್ಲೊಂದು. ಮೂಲದಲ್ಲಿ ಇಷ್ಟು ಸಂಯಮವಿದ್ದ ಮಾತು ಬಾಯಿಂದ ಬಾಯಿಗೆ ಬರುವಾಗ ಆರು ವಾರದ ಭರವಸೆಯಾಗಿದೆ.

ಕೊಲಾಜನ್ ನಿಧಾನದ ವಸ್ತು ಎಂಬುದಕ್ಕೆ ಡೆನ್ಮಾರ್ಕ್‌ನ ಸಂಶೋಧಕರು 2013ರಲ್ಲಿ ಅಪೂರ್ವ ಸಾಕ್ಷ್ಯ ಒದಗಿಸಿದರು. 1950ರ ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲ ಏರಿತ್ತು. ಆ ಕಾಲದವರ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಅದರ ಗುರುತನ್ನು ಅಳೆದಾಗ, ರಜ್ಜುವಿನ ತಿರುಳು ಸುಮಾರು 17 ವರ್ಷದೊಳಗೆ ಕಟ್ಟಿಕೊಂಡದ್ದು, ಆಮೇಲೆ ಬಹುತೇಕ ಹೊಸದಾಗಿಲ್ಲ ಎಂದು ಕಂಡಿತು. ಹಾಗೆಂದು ವಯಸ್ಕರ ರಜ್ಜು ಬದಲಾಗುವುದೇ ಇಲ್ಲವೆಂದಲ್ಲ. ತಿಂಗಳುಗಟ್ಟಲೆ ಹೊರೆ ಕೊಟ್ಟರೆ ಅದು ಗಡುಸಾಗುತ್ತದೆ. 2015ರ ಒಂದು ಸಮಗ್ರ ವಿಶ್ಲೇಷಣೆಯ ತೀರ್ಮಾನ: ಮುಖ್ಯವಾದದ್ದು ಹೊರೆಯ ಪ್ರಮಾಣ. ಗರಿಷ್ಠ ಸಾಮರ್ಥ್ಯದ ಶೇ 70ಕ್ಕಿಂತ ಹೆಚ್ಚಿನ ಹೊರೆ, 12 ವಾರ ಅಥವಾ ಅದಕ್ಕಿಂತ ದೀರ್ಘ ಅವಧಿ. ಭಾರ ಎತ್ತುವುದನ್ನು ಬಿಡಿ ಎಂದು ಫ್ಯಾಸಿಯಾ ಹೆಸರಿನಲ್ಲಿ ಹೇಳುವವರು ಸಂಯೋಜಕ ಅಂಗಾಂಶವನ್ನು ಗಟ್ಟಿಗೊಳಿಸುವ ಅತಿ ಖಚಿತ ದಾರಿಯನ್ನೇ ಮುಚ್ಚುತ್ತಿದ್ದಾರೆ.

ಉರುಳೆಯ ಮಾತು

ಫೋಮ್ ರೋಲರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮಕ್ಕೆ ಮೊದಲು ಉರುಳೆ ಬಳಸಿದರೆ ಬಾಗುವ ಗುಣ ಸುಮಾರು ಶೇ 4ರಷ್ಟು ಹೆಚ್ಚಿತು, ಜಿಗಿತದ ಮೇಲಿನ ಪರಿಣಾಮ ನಗಣ್ಯವಾಗಿತ್ತು. ತೊಡೆಯ ಗಟ್ಟಿ ಪೊರೆಯನ್ನು ಶೇ 1ರಷ್ಟು ಅದುಮಲೂ ಸಹಜ ಮಿತಿಯನ್ನು ಮೀರಿದ ಬಲ ಬೇಕು ಎಂದು 2008ರ ಗಣಿತ ಮಾದರಿಯೊಂದು ತೋರಿಸಿದೆ. ಪೊರೆಯ ಗಂಟು ಬಿಡಿಸುತ್ತೇವೆ ಎಂಬ ಮಾತಿಗೆ ಇದು ಹೊಂದುವುದಿಲ್ಲ. ಉರುಳೆಯಿಂದ ಸಿಗುವ ಹಗುರದ ಅನುಭವ ನಿಜ. ಅದು ಬಹುಪಾಲು ನರಗಳ ಮೂಲಕ ಬರುವ ತಾತ್ಕಾಲಿಕ ನಿರಾಳ.

ಮೂರು ಸೆಂಟಿಮೀಟರ್ ಎಲ್ಲಿಂದ ಬಂತು?

ಜಿಗಿತ ಮೂರು ಸೆಂಟಿಮೀಟರ್ ಹೆಚ್ಚಿತು ಎಂಬ ಸುದ್ದಿ ಓದಿದಾಗ ಅಳತೆಯ ವಿಧಾನ ನೋಡಬೇಕು. ಮೊಬೈಲ್ ಆ್ಯಪ್‌ಗಳು ಮತ್ತು ಅನೇಕ ಜಿಗಿತದ ಚಾಪೆಗಳು ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯಲ್ಲಿದ್ದ ಸಮಯವನ್ನು ಅಳೆದು ಲೆಕ್ಕ ಹಾಕುತ್ತವೆ. 0.60 ಸೆಕೆಂಡ್ ಗಾಳಿಯಲ್ಲಿದ್ದರೆ ಎತ್ತರ ಸುಮಾರು 44 ಸೆಂಟಿಮೀಟರ್, 0.62 ಸೆಕೆಂಡ್ ಇದ್ದರೆ ಸುಮಾರು 47. ಸೆಕೆಂಡಿನ ನೂರರ ಎರಡು ಭಾಗಕ್ಕೆ ಮೂರು ಸೆಂಟಿಮೀಟರ್. ಇಳಿಯುವಾಗ ಮಂಡಿಯನ್ನು ತುಸು ಬಾಗಿಸಿದರೆ ಪಾದ ತಡವಾಗಿ ನೆಲ ಮುಟ್ಟುತ್ತದೆ, ಯಂತ್ರ ಅದನ್ನೂ ಎತ್ತರವೆಂದೇ ಎಣಿಸುತ್ತದೆ. ಮೃದುವಾಗಿ ಇಳಿಯುವುದನ್ನು ವಾರಗಟ್ಟಲೆ ಕಲಿಸುವ ತರಬೇತಿಯ ಫಲವನ್ನು ಇದೇ ಚಾಪೆಯ ಮೇಲೆ ಅಳೆದರೆ ಇಳಿಯುವ ರೀತಿ ಬದಲಾದದ್ದೇ ಜಿಗಿತದ ಹೆಚ್ಚಳವಾಗಿ ತೋರುವ ಅಪಾಯವಿದೆ.

ಹೋಲಿಕೆಯ ಗುಂಪು ಯಾವುದು ಎಂಬುದೂ ಅಷ್ಟೇ ಮುಖ್ಯ. ಒಂದು ಗುಂಪು ಮಾಮೂಲಿ ಅಭ್ಯಾಸದ ಜೊತೆಗೆ ಫ್ಯಾಸಿಯಾ ವ್ಯಾಯಾಮ ಮಾಡಿ, ಇನ್ನೊಂದು ಮಾಮೂಲಿ ಅಭ್ಯಾಸವನ್ನಷ್ಟೇ ಮಾಡಿದರೆ ಮೊದಲ ಗುಂಪು ಹೆಚ್ಚು ದುಡಿದಿದೆ ಎಂಬುದೇ ಫಲಕ್ಕೆ ಸಾಕು. ನ್ಯಾಯವಾದ ಹೋಲಿಕೆ ಎಂದರೆ ಅಷ್ಟೇ ಸಮಯ, ಅಷ್ಟೇ ಜಿಗಿತಗಳ ಪ್ಲೈಯೊಮೆಟ್ರಿಕ್ ತರಬೇತಿ ಪಡೆದ ಗುಂಪಿನೊಡನೆ. ಅಂಗಾಂಶ ಬದಲಾಯಿತು ಎಂದು ಹೇಳಲು ಅಲ್ಟ್ರಾಸೌಂಡ್‌ನಂಥ ವಿಧಾನದಿಂದ ಅಂಗಾಂಶವನ್ನೇ ನೋಡಿರಬೇಕು.

ಹಣೆಪಟ್ಟಿಯ ಅಪಾಯ

ಆಟಗಾರರನ್ನು ಸ್ನಾಯುಚಾಲಿತರು, ಫ್ಯಾಸಿಯಾಚಾಲಿತರು ಎಂದು ಎರಡಾಗಿ ವಿಂಗಡಿಸುವ ಪದ್ಧತಿ ಈಗ ಹಬ್ಬುತ್ತಿದೆ. ತೆಳ್ಳಗಿದ್ದು ಸಲೀಸಾಗಿ ಪುಟಿಯುವವನಿಗೆ ಭಾರದ ಅಗತ್ಯವಿಲ್ಲ ಎಂಬ ತೀರ್ಮಾನ ಅದರ ಹಿಂದೆಯೇ ಬರುತ್ತದೆ. ಹೀಗೆ ವಿಂಗಡಿಸಲು ಒಪ್ಪಿತವಾದ ಅಳತೆಯೇ ಇಲ್ಲ. ಸಲೀಸಾಗಿ ಪುಟಿಯುವುದರಲ್ಲಿ ರಜ್ಜುವಿನ ಉದ್ದ, ಸ್ನಾಯುತಂತುವಿನ ಬಗೆ, ಬಾಲ್ಯದ ಆಟಗಳಿಂದ ಬಂದ ಹೊಂದಾಣಿಕೆ ಎಲ್ಲವೂ ಸೇರಿರುತ್ತವೆ. ಹದಿಹರೆಯದ ಆಟಗಾರನಿಗೆ ಒಮ್ಮೆ ಈ ಹಣೆಪಟ್ಟಿ ಅಂಟಿದರೆ ಅವನು ಬಲವರ್ಧನೆಯಿಂದ ದೂರ ಉಳಿಯುತ್ತಾನೆ. ಅದರ ಬೆಲೆ ತೆರುವುದು ಅವನ ಮಂಡಿ.

ಮಂಡಿಯ ಲೆಕ್ಕ

ನಾರ್ವೆಯ ಸಂಶೋಧಕರು 2005ರಲ್ಲಿ ಹಲವು ಕ್ರೀಡೆಗಳ ಉನ್ನತ ಮಟ್ಟದ ಆಟಗಾರರನ್ನು ಪರೀಕ್ಷಿಸಿದಾಗ ವಾಲಿಬಾಲ್ ಆಟಗಾರರಲ್ಲಿ ಶೇ 45ರಷ್ಟು ಮಂದಿಗೆ ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ನೋವು ಇತ್ತು. ಜಿಗಿತಗಾರರ ಮಂಡಿನೋವು ಎಂದೇ ಅದನ್ನು ಕರೆಯುತ್ತಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಈ ಪ್ರಮಾಣ ಶೇ 32. ಅದೇ ದೇಶದಲ್ಲಿ ಯುವ ಆಟಗಾರರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಕಂಡದ್ದು ಇನ್ನೂ ನೋವಿನ ಸಂಗತಿ: ಮೊದಲಿಗೇ ಚೆನ್ನಾಗಿ ಜಿಗಿಯುತ್ತಿದ್ದವರೇ ಮುಂದೆ ಈ ನೋವಿಗೆ ಹೆಚ್ಚು ಗುರಿಯಾದರು. ಪ್ರತಿಭೆಯಿದ್ದವರ ಮಂಡಿಯೇ ಮೊದಲು ಸೋಲುತ್ತದೆ.

ಕಾರಣವನ್ನು ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದ ತಂಡ ಯುವ ವಾಲಿಬಾಲ್ ಆಟಗಾರರಲ್ಲಿ ಹುಡುಕಿದೆ. ಹದಿಹರೆಯದಲ್ಲಿ ಸ್ನಾಯುವಿನ ಬಲ ಬೇಗ ಏರುತ್ತದೆ, ರಜ್ಜು ಹಿಂದೆ ಬೀಳುತ್ತದೆ. ಬಲಿಷ್ಠ ಸ್ನಾಯು ಇನ್ನೂ ಸಿದ್ಧವಾಗದ ರಜ್ಜುವನ್ನು ಮಿತಿಮೀರಿ ಎಳೆಯುತ್ತದೆ. ಇಂಥ ಹೊತ್ತಿನಲ್ಲಿ, ಅಭ್ಯಾಸದಲ್ಲಿ ಈಗಾಗಲೇ ಹಾಕುತ್ತಿರುವ ಜಿಗಿತಗಳ ಮೇಲೆ ಫ್ಯಾಸಿಯಾದ ಹೆಸರಿನಲ್ಲಿ ಇನ್ನಷ್ಟು ಪುಟಿತ ಸೇರಿಸಿದರೆ ಆಗುವುದೇನು? ಹೊರೆ ಬೀಳುವುದು ಅದೇ ರಜ್ಜುವಿನ ಮೇಲೆ. ವ್ಯಾಯಾಮದ ನಂತರ ರಜ್ಜುವಿನಲ್ಲಿ ಕೊಲಾಜನ್ ಒಡೆಯುವುದೂ ಕಟ್ಟುವುದೂ ಒಟ್ಟಿಗೆ ನಡೆಯುತ್ತವೆ. ಮೊದಲ ಒಂದು ಒಂದೂವರೆ ದಿನ ನಷ್ಟದ ಕೈಯೇ ಮೇಲು, ಲಾಭ ಕಾಣುವುದು ಆನಂತರ. ದಿನವೂ ಪುಟಿದರೆ ಆ ಲಾಭಕ್ಕೆ ಸಮಯವೇ ಸಿಗುವುದಿಲ್ಲ. ನೋವು ಬಂದ ಮೇಲೆ ತೊಡೆಯನ್ನು ಉರುಳೆಯಿಂದ ತಿಕ್ಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನಿಧಾನಗತಿಯಲ್ಲಿ ಭಾರವಾದ ಹೊರೆ ಎತ್ತುವ 12 ವಾರಗಳ ಕ್ರಮದಿಂದ ಮಂಡಿರಜ್ಜುವಿನ ನೋವು ತಗ್ಗಿ ರಜ್ಜುವಿನ ರಚನೆಯೂ ಸುಧಾರಿಸಿದ್ದನ್ನು ಡೆನ್ಮಾರ್ಕ್‌ನ ಅಧ್ಯಯನ 2009ರಲ್ಲಿ ದಾಖಲಿಸಿದೆ. ಪಂದ್ಯಗಳ ನಡುವೆ ಆಡುತ್ತಲೇ ಚಿಕಿತ್ಸೆಯ ವ್ಯಾಯಾಮ ಮಾಡಿಸಿದ ನಾರ್ವೆಯ ಪ್ರಯೋಗದಲ್ಲಿ ಫಲ ಸಿಗಲಿಲ್ಲ.

ಹಾಗಾಗಿ ತರಬೇತುದಾರರ ಮುಂದಿರುವ ಪ್ರಾಯೋಗಿಕ ಪ್ರಶ್ನೆ ಫ್ಯಾಸಿಯಾ ಬೇಕೋ ಬೇಡವೋ ಎಂಬುದಲ್ಲ. ಪುಟಿತದ ವ್ಯಾಯಾಮ ಸೇರಿಸುವುದಾದರೆ ಅಭ್ಯಾಸದ ಯಾವ ಜಿಗಿತಗಳನ್ನು ಕಡಿಮೆ ಮಾಡುತ್ತೀರಿ ಎಂಬುದು. ಅದೇ ನಾರ್ವೆಯ ಯುವ ಆಟಗಾರರ ಅಧ್ಯಯನದಲ್ಲಿ ವಾರಕ್ಕೆ ಆಡುವ ಪ್ರತಿ ಒಂದು ಹೆಚ್ಚುವರಿ ಸೆಟ್‌ಗೆ ಮಂಡಿನೋವಿನ ಸಂಭವದ ಅನುಪಾತ ಸುಮಾರು 3.9 ಪಟ್ಟು ಏರಿತ್ತು, ಪ್ರತಿ ಹೆಚ್ಚುವರಿ ತರಬೇತಿ ಗಂಟೆಗೆ 1.7 ಪಟ್ಟು. ಒಬ್ಬಳೇ ಹುಡುಗಿ ಶಾಲೆಗೂ ಕ್ಲಬ್ಬಿಗೂ ಕಿರಿಯರ ಆಯ್ಕೆ ತಂಡಕ್ಕೂ ಆಡುವಾಗ ಮೂವರು ತರಬೇತುದಾರರೂ ತಮ್ಮ ತಮ್ಮ ಪಾಲಿನ ಜಿಗಿತಗಳನ್ನಷ್ಟೇ ಎಣಿಸುತ್ತಾರೆ. ಮೂರನ್ನೂ ಕೂಡಿಸಿದ ಮೊತ್ತ ಯಾರ ಪುಸ್ತಕದಲ್ಲೂ ಇರುವುದಿಲ್ಲ.